ಅವಳ ಗಾಲಿಗೆ ನಾನು ತುಂಬಿದ ಗ್ರೀಸು

ಹೋದ ವಾರ ಆ ಹುಡುಗಿಯ ತಾಯಿ ಕೊಕ್ಕನೂರಿನಿಂದ ದಾವಣಗೆರೆಯ ನನ್ನ ಬೇರಿಂಗ್ ಅಂಗಡಿಗೆ ಬಂದು, ಗೋಣಿಚೀಲದಿಂದ ಸ್ಕೇಟ್‌ಬೋರ್ಡ್ ತೆಗೆದು ಮೇಜಿನ ಮೇಲಿಟ್ಟರು. ಹಲಗೆಯ ನಡುವೆ ದುಂಡಗೆ ತುಕ್ಕಿನ ಕಲೆ. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಅದರ ಮೇಲಿಟ್ಟು ಸರಿಸುತ್ತಾರಂತೆ.

"ಗಾಲಿ ಕಿರ್ ಅಂತೈತ್ರಿ ಅಣ್ಣಾರ, ಏನರ ಮಾಡಿಕೊಡ್ರಿ" ಎಂದರು.

ಬೇರಿಂಗುಗಳನ್ನು ಬಿಚ್ಚಿ ಡೀಸೆಲ್ ಬಟ್ಟಲಿಗೆ ಹಾಕಿದೆ. ಮೂವತ್ತು ವರ್ಷದಿಂದ ನನ್ನ ಅಂಗಿಗೆಲ್ಲ ಹತ್ತಿಕೊಂಡಿರುವ ವಾಸನೆ ಅದು. ಅಂದು ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಕೈ ನಿಂತಿತು...

ಅವಳು ಮೊದಲ ಸಲ ಅಂಗಡಿಗೆ ಬಂದಾಗ ಹತ್ತೊಂಬತ್ತು ವರ್ಷ. ನಿಜಲಿಂಗಪ್ಪ ಬಡಾವಣೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಯಾರೋ ಗೆಳತಿ ಕೊಟ್ಟ ಹಳೆಯ ಬೋರ್ಡು. ಗಾಲಿಗೆ ಎರಡರಂತೆ ಎಂಟು ಬೇರಿಂಗು. ಸಣ್ಣ ಮೋಟಾರುಗಳಿಗೆ ಹಾಕುವ ಆರುನೂರ ಎಂಟನೇ ನಂಬರಿನ ಬೇರಿಂಗೇ ಅದಕ್ಕೂ ಕೂರುತ್ತಿತ್ತು.

"ಏನವ್ವ, ರೊಟ್ಟಿ ಮಣಿಗೆ ಗಾಲಿ ಹಚ್ಚೀಯಲ್ಲ?" ಎಂದು ಕೇಳಿದ್ದೆ.

"ರೊಟ್ಟಿ ಬಡಿಯಾಕ ಬರಂಗಿಲ್ಲ ಕಾಕಾ, ಅದಕ್ಕ ಮಣಿ ಮ್ಯಾಲೆ ಓಡಾಡ್ತೀನಿ."

ತಿಂಗಳಿಗೊಮ್ಮೆ ಬರುತ್ತಿದ್ದಳು. ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು, ಬೆರಳಿಗೆ ಸಿಕ್ಕಿಸಿ, ಕಿವಿಯ ಹತ್ತಿರ ತಿರುಗಿಸಿ, ಒಳಗೆ ಕಸವಿದೆಯೋ ಗುಂಡು ಸವೆದಿದೆಯೋ ಎಂದು ಕೇಳಿ ತಿಳಿಯುವುದನ್ನು ಅವಳಿಗೆ ನಾನೇ ಕಲಿಸಿದೆ. ಗ್ರೀಸು ಹಚ್ಚಲು ಮಾತ್ರ ಬಿಡುತ್ತಿರಲಿಲ್ಲ. ಹೊಲಿಗೆ ಯಂತ್ರದ ತೆಳು ಎಣ್ಣೆ, ಎರಡೇ ಹನಿ. ಗಾಲಿ ತಾನಾಗಿ ನಿಲ್ಲುವವರೆಗೆ ತಿರುಗಬೇಕು, ಅಷ್ಟು ಹಗುರ ಇರಬೇಕು ಎನ್ನುತ್ತಿದ್ದಳು.

ಒಂದು ದಿನ ಬಡಾವಣೆಯ ಇಳಿಜಾರಿನಲ್ಲಿ ಅವಳು ಟ್ರ್ಯಾಕ್ಟರಿನ ಮುಂದೆಯೇ ಅಡ್ಡ ಹಾಯ್ದದ್ದನ್ನು ಸ್ಕೂಟರಿನ ಮೇಲಿದ್ದ ನಾನು ಕಣ್ಣಾರೆ ಕಂಡೆ. ಕೂದಲೆಳೆಯಷ್ಟರಲ್ಲಿ ತಪ್ಪಿತು.

ಮರುವಾರವೇ ಹರಿಹರದ ಹೊಳೆದಂಡೆಗೆ ಸಿನಿಮಾದವರು ಬಂದರು. ನಾಯಕಿಯ ಬದಲು ಇಳಿಜಾರಿನಲ್ಲಿ ಬೋರ್ಡಿನ ಮೇಲೆ ಬರಲು ಒಬ್ಬ ಹುಡುಗಿ ಬೇಕಿತ್ತು. ಮುಖ ಕಾಣುವ ಕೆಲಸವಲ್ಲ, ಬೆನ್ನು ಅಷ್ಟೇ. ಹಿಂದಿನ ದಿನ ಅವಳು ಬೋರ್ಡನ್ನು ತೊಳೆಯಲು ಕೊಟ್ಟುಹೋದಳು. ಹೊಳೆದಂಡೆಯ ಆ ಇಳಿಜಾರಿನ ಕೆಳಗೆ ಕಲ್ಲಿನ ಮೆಟ್ಟಿಲು, ಅದರಾಚೆ ನೀರು. ನನಗೆ ಟ್ರ್ಯಾಕ್ಟರೇ ಕಣ್ಣಿಗೆ ಕಟ್ಟಿತ್ತು. ವೇಗ ತಗ್ಗಲೆಂದು ಎಂಟೂ ಬೇರಿಂಗುಗಳಿಗೆ ಲಾರಿಯ ಗಾಲಿಗೆ ತುಂಬುವ ಗಟ್ಟಿ ಗ್ರೀಸು ತುಂಬಿದೆ. ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ಒಯ್ಯುವಾಗ ಅವಳು ಗಾಲಿ ತಿರುಗಿಸಿ ನೋಡಿದಳೇ? ಎಷ್ಟು ಸಲ ನೆನೆಸಿಕೊಂಡರೂ ಅದೊಂದು ನೆನಪಾಗುವುದಿಲ್ಲ...

ಅಂಗಡಿ ಮುಚ್ಚಿ ನಾನೂ ಹರಿಹರಕ್ಕೆ ಹೋಗಿದ್ದೆ. ಮೇಲಿನಿಂದ ಚೆನ್ನಾಗಿಯೇ ಹೊರಟಳು. ಕ್ಯಾಮೆರಾದ ಮುಂದೆ ಸರ್ರನೆ ಹಾಯಬೇಕಾದಲ್ಲಿ ಬೋರ್ಡು ನಿಧಾನವಾಗಿ, ಮುದಿ ಎತ್ತಿನಂತೆ, ನಿಂತೇಬಿಟ್ಟಿತು. ಅವಳು ಇಳಿದು, ಸೊಂಟದ ಮೇಲೆ ಕೈಯಿಟ್ಟು, ಬೋರ್ಡಿಗೇ ಬೈದಳು: "ಯಾಕಪಾ, ಉಂಡು ಮಲಗೀಯೇನು? ಏಳು! ಹೊಳಿ ಕಂಡ್ರ ನಿಂದೇನ್ ಅಂಜಿಕಿ?" ಅದರ ಬೆನ್ನಿಗೊಂದು ಪೆಟ್ಟನ್ನೂ ಕೊಟ್ಟಳು. ಜನ ಬಿದ್ದು ಬಿದ್ದು ನಕ್ಕರು. ನಿರ್ದೇಶಕರು ಅವಳನ್ನು ಕರೆದು ಇನ್ನೊಮ್ಮೆ ಬೈಯಿಸಿದರು. ಕೊನೆಗೆ ನಾಯಕಿಯ ತಂಗಿಯ ಪಾತ್ರವನ್ನೇ ಕೊಟ್ಟರು.

ಮರುದಿನ ಬಂದು ಕೇಳಿದಳು: "ಕಾಕಾ, ಇದರಾಗ ಏನ್ ತುಂಬಿದ್ರಿ?"

"ಹಳೇ ಬೇರಿಂಗು, ಅದಕ್ಕ ಹಂಗ" ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ನಕ್ಕಳು. ನಿಜ ಹೇಳಲು ಮುಂದೆ ದಿನವಿದೆ ಅಂದುಕೊಂಡಿದ್ದೆ.

ಮೊದಲ ಸಿನಿಮಾ ಬಂತು. ಅಂಗಡಿಯವರೆಲ್ಲ ಕೂಡಿ ನೋಡಿ ಬಂದೆವು. ಎರಡನೆಯದು ಅರ್ಧವಾಗಿತ್ತು. ಅದರ ಚಿತ್ರೀಕರಣಕ್ಕೆ ಕೊಕ್ಕನೂರಿನಿಂದ ಹೊರಟವಳು ಬಸ್ಸು ತಪ್ಪಿ, ಹಿಂದೆ ಬಂದ ಕಾರು ಹತ್ತಿದಳಂತೆ. ಹೆದ್ದಾರಿಯಲ್ಲಿ ಅದು ನಿಂತ ಲಾರಿಗೆ ಗುದ್ದಿತು. ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು ವರ್ಷ. ನಾನು ಗ್ರೀಸು ತುಂಬದಿದ್ದರೆ ಹೊಳೆದಂಡೆಯಲ್ಲಿ ಒಂದು ಬೆನ್ನಾಗಿ ಹಾಯ್ದು ಮನೆಗೆ ಹೋಗುತ್ತಿದ್ದಳು. ಆ ದಾರಿ ಹಿಡಿಯುತ್ತಿರಲಿಲ್ಲ. ಹೀಗೆ ಲೆಕ್ಕ ಹಾಕಬಾರದು ಅಂತ ಗೊತ್ತು. ಆದರೂ...

ಹೋದ ವಾರ ಆ ತಾಯಿಗೆ ಎಲ್ಲವನ್ನೂ ಹೇಳಿದೆ. ಗ್ರೀಸು, ಸುಳ್ಳು, ಎರಡೂ. ಅವರು ಡೀಸೆಲ್ ಬಟ್ಟಲಿನಿಂದ ಕಣ್ಣೆತ್ತಲಿಲ್ಲ.

"ನಾನೂ ಹಂಗ ಮಾಡೀನ್ರಿ" ಎಂದರು ಆಮೇಲೆ. "ಅವತ್ತು ಅಕಿ ಹೋಗೋದು ನನಗ ಬ್ಯಾಡಾಗಿತ್ತು. ಅಕಿ ಬೂಟು ಜ್ವಾಳದ ಚೀಲದ ಹಿಂದ ಬಚ್ಚಿಟ್ಟೆ. ಅಕಿ ಹುಡುಕಾಡೋದ್ರಾಗ ಬಸ್ಸು ಹೋತು... ಯಾರ ಮುಂದೂ ಹೇಳಿಲ್ರಿ."

ಬೇರಿಂಗು ಒರೆಸಿ, ಒಂದೊಂದಕ್ಕೂ ತೆಳು ಎಣ್ಣೆ ಎರಡೆರಡು ಹನಿ ಬಿಟ್ಟು ಗಾಲಿ ಕೂರಿಸಿದೆ. ಸಿಲಿಂಡರಿನ ಭಾರಕ್ಕೆ ಗ್ರೀಸೇ ಸರಿ, ಗೊತ್ತಿತ್ತು. ಬೋರ್ಡನ್ನು ಮಗುಚಿಟ್ಟು ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿದೆ. ಸದ್ದಿಲ್ಲದೆ ತಿರುಗಿತು. ನಿಲ್ಲಿಸಬೇಕೆಂದೋ ಏನೋ, ತಾಯಿ ಕೈ ಚಾಚಿದರು. ಗಾಲಿಯ ಹತ್ತಿರದವರೆಗೆ ಒಯ್ದು, ಮುಟ್ಟದೆ, ಸೆರಗಿನೊಳಗೆ ಎಳೆದುಕೊಂಡರು.

ಅದು ತಾನಾಗಿ ನಿಲ್ಲುವವರೆಗೆ ಇಬ್ಬರೂ ನೋಡುತ್ತ ಕೂತೆವು.