ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದ ಆಲ್ವಿನ್ ಲೋರೆಂಟ್ಸ್

ಜರ್ಮನಿಯ ಹಾಲೆ ಪಟ್ಟಣದ ಕ್ರೇಲಿಂಗ್ ಪ್ರಕಾಶನದಲ್ಲಿ ಆಲ್ವಿನ್ ಲೋರೆಂಟ್ಸ್ ಅವರ ಹೆಸರು ಯಾವ ಪುಸ್ತಕದ ಮೇಲೂ ಅಚ್ಚಾಗಲಿಲ್ಲ. ಆದರೆ ನಮ್ಮ ಕಡೆಯ ಮಕ್ಕಳು ನಲವತ್ತು ವರ್ಷ ತಿದ್ದಿದ್ದು ಅವರ ಕೈಬರಹವನ್ನೇ. ಯಜಮಾನ ಕ್ರೇಲಿಂಗ್ ಅವರ ಅಜ್ಜ ಸ್ಲೇಟು, ಬಳಪ ಮಾರುತ್ತಿದ್ದ ಸಣ್ಣ ಅಂಗಡಿಯಿಂದ ಬೆಳೆದ ಸಂಸ್ಥೆ ಅದು. ಆಮೇಲೆ ಲೆಕ್ಕದ ಪುಸ್ತಕ, ಭೂಪಟ ಎಲ್ಲ ಬಂದರೂ ಸಂಸ್ಥೆಯನ್ನು ಸಾಕಿದ್ದು ಅಕ್ಷರ ತಿದ್ದುವ ಕಾಪಿ ಪುಸ್ತಕವೇ.

ಆಲ್ವಿನ್ ಹದಿನಾಲ್ಕನೇ ವಯಸ್ಸಿಗೆ ಕಲ್ಲಚ್ಚಿನ ವಿಭಾಗಕ್ಕೆ ಸೇರಿದ್ದರು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಕಾಗದ ಒತ್ತಿದಾಗ ನೇರವಾಗಿ ಮೂಡುತ್ತದೆ. ನಮ್ಮ ಹಳೆಯ ಜರ್ಮನ್ ಕೈಬರಹವನ್ನು ಅವರಷ್ಟು ಸಲೀಸಾಗಿ ಹೀಗೆ ಬರೆಯುವವರು ಇನ್ನೊಬ್ಬರಿರಲಿಲ್ಲ. ಮಧ್ಯೆ ಒಮ್ಮೆ ಶಾಲಾ ಇಲಾಖೆಯವರು ಮೊನಚು ಕಡಿಮೆ ಮಾಡಿ, ದುಂಡಗೆ ಬರೆಯಿರಿ ಅಂದರು. ಬರೆದುಕೊಟ್ಟರು. ನಾನು ಥೆಕ್ಲಾ, ಪಕ್ಕದ ಕೋಣೆಯಲ್ಲಿ ಕರಡು ತಿದ್ದುತ್ತಿದ್ದವಳು. ಅವರ ಹಾಳೆ ನನ್ನ ಮೇಜಿಗೆ ಬಂದ ದಿನ ನನಗೆ ಕೆಲಸವೇ ಇರುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರ ಸೆಪ್ಟೆಂಬರಿನಲ್ಲಿ ಯಜಮಾನ ಕ್ರೇಲಿಂಗ್ ಒಂದು ಕಾಗದ ಹಿಡಿದುಕೊಂಡು ಮುದ್ರಣದ ಕೋಣೆಗೆ ಬಂದರು.

"ಲೋರೆಂಟ್ಸ್, ಈ ವರ್ಷದಿಂದ ಶಾಲೆಗಳಲ್ಲಿ ನಮ್ಮ ಅಕ್ಷರ ಇಲ್ಲವಂತೆ."

"ಇಲ್ಲ ಅಂದ್ರೆ? ಇನ್ನೂ ದುಂಡಗೆ ಮಾಡ್ಬೇಕಾ?"

"ಅಕ್ಷರವೇ ಇಲ್ಲ. ಪೂರ್ತಿ ಲ್ಯಾಟಿನ್ ಬರಹ, ಇಂಗ್ಲಿಷರು ಬರೆಯುವಂಥದ್ದು. ಮಾದರಿ ಬರ್ಲಿನ್ನಿಂದಲೇ ಬಂದಿದೆ. ನಿಮ್ಮ ಕಲ್ಲುಗಳನ್ನ ಉಜ್ಜಿಸಿಬಿಡಿ."

ಅಚ್ಚಿನ ಯಂತ್ರ ನಡೆಸುತ್ತಿದ್ದ ಬ್ರೂನೋ ಸುಮ್ಮನಿರಲಿಲ್ಲ. "ಮೊನ್ನೆವರೆಗೂ ಸರ್ಕಾರದವರೇ ಇದೊಂದೇ ಅಸಲಿ ಜರ್ಮನ್ ಅಕ್ಷರ ಅಂತ ಭಾಷಣ ಬಿಗೀತಿದ್ರು. ಈಗ ಇದು ಯಾವ ದೇಶದ್ದಂತೆ, ಚೀನಾದ್ದಾ?"

"ಬಾಯಿ ಮುಚ್ಕೊಂಡು ಕೆಲಸ ನೋಡಪ್ಪ," ಎಂದರು ಯಜಮಾನರು, ಬಾಗಿಲ ಕಡೆ ಕಣ್ಣು ಹಾಯಿಸಿ.

ಅರವತ್ತಕ್ಕೂ ಹೆಚ್ಚು ಕಲ್ಲುಗಳು. ಬೇರೆಯವರು ಉಜ್ಜಿದರೆ ಗೀರು ಬೀಳುತ್ತದೆ ಎಂದು ಹೇಳಿ ಆಲ್ವಿನ್ ತಾವೇ ನಿಂತರು. ಮರಳು, ನೀರು ಹಾಕಿ ಒಂದು ಕಲ್ಲಿನ ಮೇಲೆ ಇನ್ನೊಂದನ್ನು ಮೂರು ವಾರ ತಿರುಗಿಸಿದರು. ಬೂದಿ ಬಣ್ಣದ ನೀರು ಮೋರಿಗೆ ಹರಿಯಿತು. "ಒಂದನ್ನಾದ್ರೂ ಮನೆಗೆ ತಗೊಂಡು ಹೋಗಿ," ಅಂದೆ ನಾನು.

"ತಗೊಂಡು ಹೋಗಿ ಏನ್ ಮಾಡ್ಲಿ ಥೆಕ್ಲಾ? ಮಂಚದ ಮೇಲೆ ಮಲಗಿಸ್ಲಾ?"

ಮುಂದೆ ಅವರಿಗೆ ಸೈನ್ಯದ ಫಾರಂಗಳಿಗೆ ಗೆರೆ ಎಳೆಯುವ ಕೆಲಸ ಸಿಕ್ಕಿತು.

ಅವರ ಮೊಮ್ಮಗಳು ಊರ್ಸೆಲ್ ಶಾಲೆಗೆ ಸೇರಿದ್ದೂ ಅದೇ ತಿಂಗಳು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತಂದೆ ರೈನ್‌ಹೋಲ್ಡ್, ಆಲ್ವಿನ್ ಅವರ ಒಬ್ಬನೇ ಮಗ, ರಷ್ಯಾದ ರಣರಂಗದಲ್ಲಿದ್ದ. ನಾನು ಅದೇ ಕಟ್ಟಡದ ಕೆಳಗಿನ ಮನೆಯವಳಾದ್ದರಿಂದ ಹುಡುಗಿಗೆ ಜಡೆ ಹೆಣೆಯುವುದು ನನ್ನ ಪಾಲಿಗೆ ಬಂದಿತ್ತು. ಶಾಲೆ ಸೇರುವ ಮೊದಲೇ ಅಜ್ಜ ಅವಳಿಗೆ ತಮ್ಮ ಅಕ್ಷರ ಕಲಿಸಿದ್ದರು. ಅದರಲ್ಲಿ 'e' ಅಕ್ಷರ ನೋಡಲು ಲ್ಯಾಟಿನ್ 'n' ಇದ್ದ ಹಾಗೆ. ಮೊದಲ ವಾರವೇ ಅವಳ ಪುಸ್ತಕದ ತುಂಬ ಕೆಂಪು ಗೆರೆ ಬಿತ್ತು, ಜೊತೆಗೆ ಮನೆಯವರು ಬಂದು ಕಾಣಬೇಕೆಂಬ ಚೀಟಿ.

ಆಲ್ವಿನ್ ಭಾನುವಾರದ ಕೋಟು ಹಾಕಿಕೊಂಡು ಹೋದರು. ಟೀಚರ್ ನಡುವಯಸ್ಸಿನ ಹೆಂಗಸು. "ನಾನೂ ನಿಮ್ಮ ಕಾಪಿ ಪುಸ್ತಕ ತಿದ್ದೇ ಕಲಿತವಳು ಸ್ವಾಮಿ," ಅಂದಳಂತೆ. "ನನ್ನ ಮನೆ ಚೀಟಿ ಈಗಲೂ ಹಾಗೇ ಬರೀತೀನಿ. ಆದ್ರೆ ಇಲ್ಲಿ ನಾನೇನ್ ಮಾಡ್ಲಿ? ದಯವಿಟ್ಟು ಮನೇಲಿ ತಪ್ಪು ಅಕ್ಷರ ಹೇಳಿಕೊಡ್ಬೇಡಿ."

"ತಪ್ಪು ಅಕ್ಷರ ಅಂದ್ಲು," ಎಂದು ಅವರು ಮೆಟ್ಟಿಲ ಮೇಲೆ ಕುಳಿತು ನನಗೆ ಹೇಳಿದರು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ.

ರೈನ್‌ಹೋಲ್ಡನ ಕಾಗದಗಳು ಬರುತ್ತಿದ್ದವು, ಅಪ್ಪ ಕಲಿಸಿದ ಅದೇ ಬರಹದಲ್ಲಿ, ಸೀಸದ ಕಡ್ಡಿಯಲ್ಲಿ. ಮೊದಲು ಕಲಿತದ್ದನ್ನು ಶಾಲೆ ಮರೆಸಿತ್ತು, ಹುಡುಗಿಗೆ ಓದಲು ಬಾರದು. ತಾತ ಓದಿ ಹೇಳುವರು. ನಲವತ್ಮೂರರ ಫೆಬ್ರವರಿಯಲ್ಲಿ ಇಪ್ಪತ್ತೇಳನೆಯದು ಬಂತು. ಮತ್ತೆ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಯುದ್ಧ ಮುಗಿದ ಮೇಲೆ ವಿಚಾರಿಸಿದಲ್ಲೆಲ್ಲ ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಬರೆದುಕೊಂಡು ಕಳಿಸಿದರು.

ಮೊದಲು ಊರು ಹಿಡಿದಿದ್ದ ಅಮೆರಿಕನ್ನರು ವಾಪಸ್ ಹೊರಟಾಗ ಯಜಮಾನ ಕ್ರೇಲಿಂಗ್ ಅವರ ಹಿಂದೆಯೇ ಪಶ್ಚಿಮಕ್ಕೆ ಹೊರಟುಹೋದರು. ರಷ್ಯನ್ನರು ಬಂದರು. ಪಠ್ಯಪುಸ್ತಕಗಳೆಲ್ಲ ಬರ್ಲಿನ್ನಿನ ಒಂದೇ ಕಡೆ ತಯಾರಾಗತೊಡಗಿ ನಮ್ಮ ಮುದ್ರಣಾಲಯಕ್ಕೆ ರೇಷನ್ ಚೀಟಿ ಅಚ್ಚು ಹಾಕುವ ಕೆಲಸವಷ್ಟೇ ಉಳಿಯಿತು. ಆಲ್ವಿನ್ ಹೊಸ ವ್ಯವಸ್ಥಾಪಕನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತರು. "ನಮ್ಮ ಅಕ್ಷರ ತೆಗೆದವರೇ ಹೋದ್ರಲ್ಲ. ಇನ್ನಾದ್ರೂ ಅದು ವಾಪಸ್ ಬರುತ್ತಾ?"

"ಮಕ್ಕಳಿಗೆ ಬರೆಯೋಕೆ ಕಾಗದವೇ ಇಲ್ಲ ಅಜ್ಜ. ನೀವು ಯಾವ ಅಕ್ಷರ ಅಂತ ಕೇಳ್ತೀರಿ," ಅಂದ ಅವನು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನಲವತ್ತಾರರ ಕೊನೆಯ ಆ ಭಯಂಕರ ಚಳಿಯಲ್ಲಿ ಅವರ ಕಣ್ಣಿಗೆ ಪೊರೆ ಬಂತು. "ನಾನು ಹೋದ್ಮೇಲೆ ಇವಳಿಗೆ ಇವಳಪ್ಪನ ಕಾಗದ ಏನು ಪ್ರಯೋಜನ?" ಎಂದು ಒಂದು ದಿನ ಕೇಳಿದರು. ಮರುದಿನದಿಂದ ಒಂದೊಂದೇ ಕಾಗದವನ್ನು ಹೊಸ ಬರಹದಲ್ಲಿ ನಕಲು ಮಾಡಲು ಕುಳಿತರು. ಸುಲಭವಾಗಿರಲಿಲ್ಲ. ಎರಡು ಸಾಲು ಸರಿಯಾಗಿ ಬರೆದರೆ ಮೂರನೆಯದರ ನಡುವೆ ಕೈ ತಾನಾಗಿ ಹಳೆಯ ದಾರಿಗೆ ಹೊರಳುವುದು. ಹನ್ನೊಂದು ವರ್ಷದ ಊರ್ಸೆಲ್ ಎದುರಿಗೆ ಕಂಬಳಿ ಹೊದ್ದು ಕುಳಿತು ಬೆರಳಿಡುವಳು.

"ತಾತಾ, ಮತ್ತೆ ಹಳೇದು ಬಂತು."

"ಎಲ್ಲಿ?"

"ಇಲ್ಲಿ. ಇಲ್ಲೂ."

ಮಕ್ಕಳ ಹಾಗೆ ನಾಲಿಗೆ ತುದಿ ಕಚ್ಚಿಕೊಂಡು ಮತ್ತೆ ಬರೆಯುವರು. ನಾನು ಆಲೂಗಡ್ಡೆ ಸೂಪು ತೆಗೆದುಕೊಂಡು ಹೋದರೆ ತಲೆ ಎತ್ತುತ್ತಿರಲಿಲ್ಲ. ಮಾರ್ಚಿನಲ್ಲಿ ಎದೆಗೆ ಶೀತ ಇಳಿಯಿತು, ಔಷಧಿ ಎಲ್ಲೂ ಸಿಗಲಿಲ್ಲ. ಅವರು ತೀರಿಕೊಂಡಾಗ ಹದಿನೈದನೆಯ ಕಾಗದ ಅರ್ಧವಾಗಿತ್ತು.

ಹುಡುಗಿಯನ್ನು ನಾನೇ ಇಟ್ಟುಕೊಂಡೆ. ಉಳಿದ ಕಾಗದಗಳನ್ನೂ ನಾನೇ ನಕಲು ಮಾಡತೊಡಗಿದೆ. ಇಡೀ ಆಯುಷ್ಯ ಬೇರೆಯವರ ತಪ್ಪು ಹುಡುಕಿದವಳು ನಾನು. ಆದರೂ ಹತ್ತೊಂಬತ್ತನೆಯದರಲ್ಲಿ ಸಿಕ್ಕಿಕೊಂಡೆ. ಮಡಿಕೆ ಬಿದ್ದ ಜಾಗದಲ್ಲಿ ಸೀಸ ಅಳಿಸಿ ಒಂದು ಸಾಲೇ ಹೋಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಕೊನೆಗೆ ಅಷ್ಟು ಜಾಗ ಖಾಲಿ ಬಿಟ್ಟೆ.

ಊರ್ಸೆಲ್ ಓದುತ್ತ ಅಲ್ಲಿಗೆ ಬಂದು ನಿಂತಳು. "ಇಲ್ಲೇನಿತ್ತು ಚಿಕ್ಕಮ್ಮ?"

"ಗೊತ್ತಾಗ್ತಿಲ್ಲ ಮಗು."

"ತಾತನಿಗೆ ಈ ಕಾಗದ ಪೂರ್ತಿ ಬಾಯಿಪಾಠ ಇತ್ತು," ಅಂದಳು. "ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."