ಖಮೀಸನ ದೋಣಿಯ ಊಟ

ಮತ್ರಾ ಬಂದರಿನಲ್ಲಿ ಹಮ್ದಾನನಂಥ ಮಾತುಗಾರ ಇನ್ನೊಬ್ಬನಿರಲಿಲ್ಲ. ಪರದೇಶದವರನ್ನು ಪುಟ್ಟ ಹುಟ್ಟುದೋಣಿಯಾದ ಕಯಾಕ್‌ನಲ್ಲಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು, ದೊಡ್ಡ ಹಡಗುಗಳ ನಡುವೆ ಸುತ್ತಿಸಿಕೊಂಡು ಬರುವುದು ಅವನ ಕಸುಬು. ಅಲೆ ಕಂಡು ಹೆದರಿದವರನ್ನೂ ನಗಿಸಿಯೇ ದಡ ಸೇರಿಸುತ್ತಿದ್ದ. ಬಾಯಿ ಬಿಡಲೇಬೇಕಾದ ಒಂದು ಕಡೆ ಮಾತ್ರ ಅವನ ಬಾಯಿಗೆ ಬೀಗ ಬಿತ್ತು.

ಮೀನುಗಾರ ಖಮೀಸ್ ಅವನ ನೆರೆಮನೆಯ ಮುದುಕ. ಹಮ್ದಾನನಿಗೆ ಈಜು ಕಲಿಸಿದವನು. ಬಲೆ ಎಳೆದು ಬಂದ ಮೇಲೆ ಲಂಗರು ಹಾಕಿ ದೋಣಿಯಲ್ಲೇ ಉಣ್ಣುತ್ತಿದ್ದ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕಯಾಕ್‌ಗಳು ಹಾದಾಗ ಕೈ ಎತ್ತಿ, "ಬನ್ರಪ್ಪಾ, ಊಟ ಮಾಡಿ" ಎಂದ. ಅಲ್ಲಿನ ರೂಢಿಯೇ ಹಾಗೆ: ಉಣ್ಣುವವನು ಕರೆಯಲೇಬೇಕು, ಹಾದುಹೋಗುವವರು ಹರಸಿ ಮುಂದೆ ಸಾಗಬೇಕು. ಹಮ್ದಾನನ ಜೊತೆಗಿದ್ದ ಜರ್ಮನಿಯ ದಂಪತಿಗೆ ಇದೆಲ್ಲ ಎಲ್ಲಿ ಗೊತ್ತು? ನೇರ ಹೋಗಿ ದೋಣಿಗೆ ಅಂಟಿಕೊಂಡರು. ಮುದುಕ ಮುಖ ಅರಳಿಸಿ ತಟ್ಟೆಯನ್ನೇ ಮುಂದಕ್ಕೆ ತಳ್ಳಿದ. ಅನ್ನ, ಹುರಿದ ಮೀನು, ಈರುಳ್ಳಿ ಎಲ್ಲ ಖಾಲಿ. ಹಮ್ದಾನ್ ತುಟಿ ಬಿಚ್ಚಲಿಲ್ಲ. ಖಮೀಸ್ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, "ನಂಗೆ ಹಸಿವೇ ಇರ್ಲಿಲ್ಲ ಬಿಡು" ಎಂದ.

ಅಲ್ಲಿಗೆ ಮುಗಿದಿದ್ದರೆ ನಗುವ ಸಂಗತಿಯಾಗುತ್ತಿತ್ತು. ಆದರೆ ಆ ದಂಪತಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಹೊಗಳಿದರು. ಆಮೇಲೆ ಬಂದವರೆಲ್ಲ, "ಮೀನುಗಾರನ ಜೊತೆ ಊಟ ಇದೆಯಂತಲ್ಲ?" ಎಂದು ಕೇಳತೊಡಗಿದರು. ಹಮ್ದಾನ್ "ಇದೆ" ಎಂದುಬಿಟ್ಟ. ನಾಚಿಕೆಗೇಡು! ಖಮೀಸನ ಬಾಯಲ್ಲಿ ಇಲ್ಲ ಎಂಬ ಮಾತು ಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನಸ್ಸು ಚುಚ್ಚಿದಾಗ ಒಮ್ಮೆ ಅಕ್ಕಿ ಚೀಲ ಹೊತ್ತುಕೊಂಡು ಹೋದ.

"ನನ್ನ ಮನೆ ಅನ್ನಕ್ಕೆ ಬೆಲೆ ಕಟ್ತೀಯೇನೋ?" ಎಂದು ಮುದುಕ ಬೈದು ಕಳಿಸಿದ.

ಒಂದು ದಿನ ಖಮೀಸನ ದೋಣಿ ತನ್ನ ಜಾಗದಲ್ಲಿರಲಿಲ್ಲ. ಮರುದಿನವೂ ಇಲ್ಲ. ಮೀನು ಮಾರುವವರನ್ನು ವಿಚಾರಿಸಿದರೆ, "ಯಾಕೆ, ಊಟಕ್ಕೆ ಕೂರೋಕೂ ನಿನ್ನ ಕೇಳ್ಬೇಕಿತ್ತಾ?" ಎಂದು ಕುಟುಕಿದರು.

ಆ ವಾರ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೊರಟಾಗ ಪ್ರವಾಸಿ ಹಡಗೊಂದು ಒಳಬರುತ್ತಿತ್ತು. ಅದಕ್ಕೆ ದಾರಿ ಬಿಡಲು ಹಮ್ದಾನ್ ಕಯಾಕ್‌ಗಳನ್ನು ಬಂಡೆಗಳ ಹಿಂದಕ್ಕೆ ತಿರುಗಿಸಿದ. ಯಾರೂ ಹೋಗದ ಆ ಮೂಲೆಯಲ್ಲಿ ಖಮೀಸನ ದೋಣಿ ಓಲಾಡುತ್ತಿತ್ತು. ಮುದುಕ ಬಂದರಿಗೆ ಬೆನ್ನು ಹಾಕಿ, ತಟ್ಟೆಯನ್ನು ಎದೆಗೆ ಒತ್ತಿಕೊಂಡು ಗಬಗಬನೆ ಉಣ್ಣುತ್ತಿದ್ದ.

ಹುಟ್ಟಿನ ಸದ್ದಿಗೆ ತಿರುಗಿದ. ಕದ್ದು ತಿನ್ನುವಾಗ ಸಿಕ್ಕಿಬಿದ್ದವನಂತೆ ಮುಖ ಕಪ್ಪಿಟ್ಟಿತು. ತನ್ನ ಅನ್ನ ತಾನು ಉಂಡದ್ದಕ್ಕೆ!

"ಅದು... ಇಲ್ಲಿ ನೆರಳು ಚೆನ್ನಾಗಿತ್ತು, ಅದಕ್ಕೇ..." ಎಂದು ತಡವರಿಸಿದ. ಬಂಡೆಯ ಮೇಲೆಲ್ಲ ಸುಡುಬಿಸಿಲು. ಬಾಯಲ್ಲಿದ್ದ ತುತ್ತು ನುಂಗಿ, ಅರ್ಧ ಉಂಡ ತಟ್ಟೆ ಚಾಚಿದ. "ತಪ್ಪಾಯ್ತಪ್ಪಾ, ನೀವು ಬಂದಿದ್ದು ಕಾಣ್ಲಿಲ್ಲ. ಬನ್ನಿ, ಬನ್ನಿ."

ಹಮ್ದಾನನಿಗೆ ಅಲ್ಲೇ ನೀರಲ್ಲಿ ಮುಳುಗಿಬಿಡೋಣ ಎನಿಸಿತು. ಹೆಂಗಸರು ಆಗಲೇ ದೋಣಿಯತ್ತ ಸಾಗಿದ್ದರು. ತನ್ನ ಕಯಾಕನ್ನು ಅವರಿಗೆ ಅಡ್ಡ ಹಾಕಿ, "ಬೇಡ, ಅವರು ಉಣ್ಣಲಿ" ಎಂದು ಅವರನ್ನು ಹಿಂದಕ್ಕೆ ಹೊರಡಿಸಿದ. ಮುದುಕನ ಕಡೆ ನೋಡುವ ಧೈರ್ಯವಾಗಲಿಲ್ಲ.

ಬೆನ್ನ ಹಿಂದೆ ಖಮೀಸ್ ಗಂಟಲು ಹರಿದುಕೊಂಡು ಕೂಗುತ್ತಿದ್ದ:

"ಹಮ್ದಾನ್! ಸ್ವಲ್ಪಾನೇ ಇದೆ ಅಂತ ಬೇಜಾರಾಯ್ತೇನೋ ಮಗಾ? ಹೋಗ್ಬೇಡ್ವೋ! ನಾಳೆಯಿಂದ ಮನೇಲಿ ಹೇಳಿ ಜಾಸ್ತಿ ಮಾಡಿಸ್ತೀನಿ ಕಣೋ!"