ಮಸಿ ಬಳಿದ ಇಂಗ್ಲಿಷ್ ಪಾಠ

ಯುದ್ಧ ನಡೆಯುತ್ತಿದ್ದ ಕಾಲ. ನೆಲಮಂಗಲದ ಹತ್ತಿರದ ಮಿಡ್ಲ್ ಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು, ಅದೂ ಹಂಗಾಮಿ. ಇನ್‌ಸ್ಪೆಕ್ಟರು ನನ್ನ ಪಾಠ ಮೆಚ್ಚಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಅಪ್ಪನ ಹಿಂದೆ ರಾಗಿ ಹೊಲಕ್ಕೆ. ನನಗೆ ರಾಗಿ ಉಣ್ಣುವುದೆಂದರೆ ಪ್ರಾಣ, ಕಳೆ ಕೀಳುವುದೆಂದರೆ ಪ್ರಾಣಸಂಕಟ.

ಪಾಠದಲ್ಲಿ ಗ್ಲಿಟರ್, ಗ್ಲೀಮ್, ಗ್ಲಿಂಟ್, ಗ್ಲಿಸನ್ ಎಂಬ ನಾಲ್ಕು ಪದಗಳಿದ್ದವು. ನನ್ನ ಹರಕು ನಿಘಂಟು ನಾಲ್ಕಕ್ಕೂ ‘ಹೊಳೆಯುವುದು’ ಎಂದು ಹೇಳಿ ಕೈತೊಳೆದುಕೊಂಡಿತ್ತು. ನಾನು ಬಿಡುವವನೇ? ಥಳಥಳಿಸುವ ಗ್ಲಿಟರಿಗೆ ಹೆಡ್‌ಮಾಸ್ಟರ ಮನೆಯ ಜರಿ ಸೀರೆ ತಂದೆ. ಮೆತ್ತಗೆ ಬೆಳಗುವ ಗ್ಲೀಮಿಗೆ ಪಕ್ಕದ ಮನೆಯ ತಾಮ್ರದ ಬಿಂದಿಗೆ, ಚಕ್ಕೆಂದು ಮಿಂಚುವ ಗ್ಲಿಂಟಿಗೆ ಕುಡುಗೋಲು. ಒದ್ದೆಯಾಗಿ ಹೊಳೆಯುವ ಗ್ಲಿಸನ್ನಿಗೆ ನೀರು ಚಿಮುಕಿಸಿದ ಬಾಳೆಲೆ. ವಸ್ತು ನೋಡಿದರೆ ಸಾಕು, ಮಕ್ಕಳು ಪದ ಹೇಳುತ್ತಿದ್ದರು.

ತನಿಖೆಯ ಬೆಳಗ್ಗೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ, ಕಾಯಲು ಜವಾನನ ಹೆಂಡತಿಯನ್ನು ಕೂರಿಸಿ, ಇನ್‌ಸ್ಪೆಕ್ಟರನ್ನು ಕರೆತರಲು ಹೋದೆ. ಬಂದು ನೋಡಿದರೆ ಸೀರೆಯ ಮೇಲೆ ಗೋಣಿಚೀಲ. ಬಿಂದಿಗೆ, ಕುಡುಗೋಲು, ಬಾಳೆಲೆಗೆಲ್ಲ ಹಂಡೆಯ ಮಸಿ!

“ಏನಮ್ಮಾ ಇದು?” ಎಂದು ಪಿಸುಗುಟ್ಟಿದೆ.

“ಕಂಡೋರ ಮನೆ ಸಾಮಾನು, ಸಾಮಿ. ಹೊಳೆಯೋದ್ರ ಮ್ಯಾಲೆ ಪರಸ್ಥಳದೋರ ಕಣ್ಣು ಬಿದ್ರೆ? ಒಂದು ಬೊಟ್ಟು ಸಾಲಾಕಿಲ್ಲ ಅಂತ ಪೂರಾ ಬಳ್ದ್ಬಿಟ್ಟೆ.”

ಅಷ್ಟರಲ್ಲಿ ಇನ್‌ಸ್ಪೆಕ್ಟರು ಕುರ್ಚಿ ಹಿಡಿದಾಗಿತ್ತು. “ಗ್ಲಿಟರ್ ತೋರಿಸ್ರೋ,” ಎಂದರು.

“ಗೋಣಿ ಒಳಗಿದೆ ಸಾರ್,” ಎಂದಿತು ತರಗತಿ.

“ಗ್ಲೀಮ್?”

“ಮಸಿ ಕೆಳಗೆ ಸಾರ್.”

“ಗ್ಲಿಂಟ್?”

“ತೊಳೆದ್ರೆ ಬರುತ್ತೆ ಸಾರ್.”

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. “ಏನ್ರೀ ಮೇಷ್ಟ್ರೇ, ಗ್ಲಿಸನ್ ಆದ್ರೂ ಇದೆಯೋ, ಅದನ್ನೂ ತೊಳೀಬೇಕೋ?”

ಅಪ್ಪನ ಹೊಲದ ಕಳೆಯೆಲ್ಲ ಕಣ್ಣ ಮುಂದೆ ಬಂದು, ಬೆವರು ಕಿತ್ತುಕೊಂಡು ಬಂತು. ಆಗ ಮುಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ನನ್ನತ್ತ ಕೈ ತೋರಿಸಿದಳು.

“ಅಲ್ನೋಡಿ ಸಾರ್, ಮೇಷ್ಟ್ರ ಹಣೆ ಮೇಲೆ. ಒದ್ದೆ ಇದೆ, ಹೊಳೀತಾ ಇದೆ. ಗ್ಲಿಸನ್!”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಹುಡುಗಿಗೆ ಪದ ಬಂದಿದೆ. ನಿಮ್ಮನ್ನ ಕಾಯಂ ಮಾಡೋಕೆ ಬರೀತೀನಿ,” ಎಂದು ಪುಸ್ತಕ ತೆರೆದರು. ನನಗೆ ಅಳುವಷ್ಟು ಸಂತೋಷವಾಯಿತು.

ಇಡೀ ತರಗತಿ ನನ್ನ ಹಣೆಯನ್ನೇ ನೋಡುತ್ತಿತ್ತು. ಬಾಗಿಲಲ್ಲಿದ್ದ ಜವಾನನ ಹೆಂಡತಿ ತಡೆಯಲಾರದೆ ಒಳಗೆ ಬಂದಳು.

“ಎಲ್ರ ಕಣ್ಣೂ ಬಿತ್ತಲ್ಲ ಸಾಮಿ,” ಎನ್ನುತ್ತ ನನ್ನ ಕೆನ್ನೆಗೆ ಹೆಬ್ಬೆರಳಗಲದ ಮಸಿ ಹಚ್ಚಿದಳು. ಸಂಜೆಯವರೆಗೂ ನಾನು ಅದನ್ನು ಒರೆಸಿಕೊಳ್ಳಲಿಲ್ಲ.